ಸಮುದ್ರದಲ್ಲಿ ನೆಟ್ಟ ಏಳು ಕಂಬಗಳು

ಮೊನ್ನೆ ನಮ್ಮ ಕಟ್ಟಡದ ಕಿಟಕಿ ಒರೆಸುವವನು ಡಬ್ಬಿಯ ಮುಚ್ಚಳ ತೆಗೆದಾಗ ಅಮೋನಿಯಾದ ವಾಸನೆ ಬಡಿಯಿತು. ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಹೋದಳು; ನಾನು ಬಾಗಿಲಲ್ಲೇ ನಿಂತೆ. ತೊಂಬತ್ತರ ದಶಕದಲ್ಲಿ, ಇದೇ ದೋಹಾದಲ್ಲಿ, ನಕ್ಷೆಗಳ ಪ್ರತಿ ತೆಗೆಯುವ ನಮ್ಮ ಆಫೀಸಿನ ಯಂತ್ರಕ್ಕೂ ಇದೇ ವಾಸನೆ. ನಮ್ಮ ಅಂಗಿ, ಊಟದ ಡಬ್ಬಿ ಎಲ್ಲವೂ ಹಾಗೇ ನಾರುತ್ತಿದ್ದವು.

ಆ ಆಫೀಸಿನ ಕಥೆಯೊಂದನ್ನು ಇಷ್ಟು ವರ್ಷ ಜನರನ್ನು ನಗಿಸಲು ಹೇಳಿಕೊಂಡು ಬಂದಿದ್ದೇನೆ. ನೀವೂ ಕೇಳಿ, ಆದರೆ ಪೂರ್ತಿ ನಂಬಬೇಡಿ. ಹೇಳಿ ಹೇಳಿ ನುಣುಪಾದ ಕಥೆಗಳ ಬಗ್ಗೆ ನನಗೇ ಈಚೆಗೆ ಅನುಮಾನ.

ಹಿಂದೂ ಮಹಾಸಾಗರದ ಒಂದು ಸಣ್ಣ ದ್ವೀಪದೇಶದ ಹಳ್ಳಿಗಳಿಗೆ ಮೊದಲ ಸಲ ವಿದ್ಯುತ್ ಕೊಡುವ ಯೋಜನೆ ಅದು. ಬಂದರಿನಲ್ಲಿ ಡೀಸೆಲ್ ಜನರೇಟರು, ಅಲ್ಲಿಂದ ಕರಾವಳಿಗುಂಟ ತಂತಿ. ನಕ್ಷೆಯ ಕೆಲಸ ನಮ್ಮದು. ದ್ವೀಪವನ್ನು ನಾನು ಕಂಡದ್ದು ವಿಮಾನದಿಂದ ತೆಗೆದ ಫೋಟೋಗಳಲ್ಲಿ ಮಾತ್ರ. ಗದಗಿನ ಕಡೆಯವನು ನಾನು, ನೀರೆಂದರೆ ಕೆರೆ. ಎರಡು ಹಳ್ಳಿಗಳ ನಡುವೆ ಬಿಳುಚಿದ ಬಯಲೊಂದು ಕಂಡಿತು, ದೋಹಾದಿಂದ ಅಲ್ ಶಮಾಲ್‌ಗೆ ಹೋಗುವ ದಾರಿಯ ಉಪ್ಪುಬಯಲಿನ ಹಾಗೆಯೇ. ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆದು ನಕ್ಷೆಯ ಮೇಲೆ ಏಳು ಕಂಬ ನೆಟ್ಟೆ. ದಾರಿ ಹತ್ತಿರವಾದ್ದರಿಂದ ಕಟ್ಟಕಡೆಯ ಕೇರಿಯವರೆಗೂ ವೋಲ್ಟೇಜು ಉಳಿಯುತ್ತಿತ್ತು.

ನಕ್ಷೆಗಳಿಗೆ ಸೀಲ್ ಹಾಕಿ ರಿಜಿಸ್ಟರಿಗೆ ಏರಿಸುತ್ತಿದ್ದ ಸಯೀದ್ ಆ ದ್ವೀಪದವನೇ. ಅವನ ತಾಯಿ ಇದ್ದದ್ದು ಆ ಕಟ್ಟಕಡೆಯ ಕೇರಿಯಲ್ಲಿ. ದಿನಕ್ಕೊಮ್ಮೆ ನನ್ನ ಮೇಜಿಗೆ ಬಂದು, ನಕ್ಷೆಯ ಮೇಲೆ ಬೆರಳಿಟ್ಟು, ಅರಬ್ಬಿ ಬೆರೆತ ಹಿಂದಿಯಲ್ಲಿ ಹೇಳುತ್ತಿದ್ದ: “ಇಂಜಿನಿಯರ್ ಸಾಬ್, ಇದು ಅಮ್ಮನ ಮನೆ. ಬುಡ್ಡಿ ದೀಪದ ಹೊಗೆಗೆ ಅವಳ ಕಣ್ಣು ಮಂಜಾಗಿದೆ. ಅಡುಗೆಮನೆಗೆ ಬಲ್ಬು, ಒಂದೇ ಸಾಕು.”

ನಕ್ಷೆ ಕಳಿಸುವ ದಿನ ಅದು ಹಮೀದ್ ಭಾಯ್ ಕೈಗೆ ಹೋಯಿತು. ನಮ್ಮ ಕೆಲಸವನ್ನೆಲ್ಲ ತಪಾಸಣೆ ಮಾಡುತ್ತಿದ್ದ ಹಿರಿಯರು, ಕಡಲತಡಿಯ ಉಳ್ಳಾಲದವರು.

“ಇದೆಂತ ಮಾರಾಯ್ರೆ, ಕಂಬಗಳಿಗೆ ಈಜು ಕಲಿಸಿದ್ದೀರಾ?”

“ಬಯಲು ಐತಲ್ರಿ ಅದು.”

“ನೀರು ಇಳಿದಾಗ ಬಯಲು. ಉಬ್ಬರ ಬಂದರೆ ಇಲ್ಲಿ ದೋಣಿ ಹೋಗ್ತದೆ. ಸಮುದ್ರ ಕಾಣದವರ ಕೈಗೆ ದ್ವೀಪ ಕೊಟ್ಟವರಿಗೆ ಹೇಳಬೇಕು!”

ಕಥೆಯನ್ನು ನಾನು ಯಾವಾಗಲೂ ಇಲ್ಲಿಗೇ ಮುಗಿಸುತ್ತಿದ್ದೆ.

ಪಕ್ಕದಲ್ಲೇ ನಿಂತು, ಹಮೀದ್ ಭಾಯ್ ಬೆರಳಿಟ್ಟ ಜಾಗ ನೋಡುತ್ತಿದ್ದ ಸಯೀದ್ ನಗಲಿಲ್ಲ. “ನನಗೆ ಗೊತ್ತಿತ್ತು,” ಎಂದ. ಆ ನೀರಿನಲ್ಲಿ ಆಡಿ ಬೆಳೆದವನಿಗೆ ಗೊತ್ತಿರದೆ ಇದ್ದೀತೆ? ನೀರನ್ನು ಸುತ್ತಿಕೊಂಡು ಹೋದರೆ ತಂತಿ ಉದ್ದವಾಗುತ್ತದೆ, ವೋಲ್ಟೇಜು ಬೀಳುತ್ತದೆ, ಅಮ್ಮನ ಕೇರಿ ಬಿಟ್ಟುಹೋಗುತ್ತದೆ ಎಂಬುದನ್ನು ನನ್ನ ಮೇಜಿನ ಬಳಿ ನಿಂತೇ ಕಲಿತಿದ್ದ. ಅದಕ್ಕೇ ಸುಮ್ಮನಿದ್ದ.

ಗೆರೆಯನ್ನು ಬ್ಲೇಡಿನಿಂದ ಕೆರೆದು, ನೀರನ್ನು ಸುತ್ತುಬಳಸಿ ಹೋಗುವ ಹೊಸ ಗೆರೆ ಎಳೆದೆ. ಕೊನೆಯ ಕೇರಿಯ ಪಕ್ಕ ‘ಮುಂದಿನ ಹಂತ’ ಎಂದು ಬರೆದೆ. ಬೇರೆ ದಾರಿ ಇರಲಿಲ್ಲವೇ? ಇತ್ತು. ದಪ್ಪ ತಂತಿ ಹಾಕಿದ್ದರೆ ವೋಲ್ಟೇಜು ಅಷ್ಟು ಬೀಳದೆ ಅಲ್ಲಿಗೂ ವಿದ್ಯುತ್ ಮುಟ್ಟುತ್ತಿತ್ತು. ಆದರೆ ಸಾಮಗ್ರಿಯ ಪಟ್ಟಿಗೆ ಆಗಲೇ ಒಪ್ಪಿಗೆ ಸಿಕ್ಕಿತ್ತು. ಬದಲಿಸಬೇಕಾದರೆ ಮ್ಯಾನೇಜರಿಗೆ ಕಾರಣ ಹೇಳಬೇಕು, ಸಮುದ್ರದಲ್ಲಿ ಕಂಬ ನೆಟ್ಟವನು ನಾನೆಂದು ಒಪ್ಪಬೇಕು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ದಪ್ಪ ತಂತಿಯ ವಿಷಯ ಸಯೀದನಿಗೆ ತಿಳಿಯದು ಎಂಬುದೊಂದು ಸಮಾಧಾನ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ‘ನಕ್ಷೆ ಹೋಯಿತು. ವಿಪರೀತ ಸೆಖೆ.’ ಡೈರಿ ಬರೆಯುವವರು ಸತ್ಯವಂತರೆಂದು ಯಾರು ಹೇಳಿದರೋ!

ಮೊನ್ನೆ ಆ ವಾಸನೆ ಬಡಿದ ದಿನ, ಈಗ ಊರಿಗೆ ಮರಳಿರುವ ಹಮೀದ್ ಭಾಯ್‌ಗೆ ಫೋನು ಮಾಡಿ ದಪ್ಪ ತಂತಿಯ ಮಾತನ್ನು ಮೊದಲ ಸಲ ಬಾಯಿಬಿಟ್ಟೆ.

“ಅವನಿಗೆ ಗೊತ್ತಿತ್ತಲ್ಲ,” ಎಂದರು. “ನಾನೇ ಹೇಳಿದ್ದೆ. ನೀವು ಮ್ಯಾನೇಜರ ಹತ್ತಿರ ಹೋಗ್ತೀರಿ ಅಂತ ಅವ ಸಂಜೆವರೆಗೆ ಕಾದ. ನಾನೂ ಕಾದೆ. ಮತ್ತೆ ‘ಖಲಾಸ್’ ಅಂತ ಅವನೇ ಸೀಲ್ ಹಾಕಿದ.”

“ದಪ್ಪ ತಂತಿ ಹಾಕ್ರಿ ಅಂತ ಅವತ್ತ ನನಗ್ಯಾಕ ಹೇಳಲಿಲ್ರಿ?”

“ನಿಮಗೆ ಗೊತ್ತಿದ್ದದ್ದನ್ನು ನಿಮಗೆ ಎಂತ ಹೇಳುದು?”

ಆ ಮುಂದಿನ ಹಂತ ಬಂತೋ ಇಲ್ಲವೋ ತಿಳಿಯದು. ವಿಚಾರಿಸಬಹುದಿತ್ತು, ವಿಚಾರಿಸಲಿಲ್ಲ.

ಶುಕ್ರವಾರ ಮನೆಗೆ ಬಂದ ಗೆಳೆಯರು, ಜೊತೆಗಿದ್ದ ಹೊಸಬನಿಗಾಗಿ ಕಂಬದ ಕಥೆ ಹೇಳೆಂದು ಹಟ ಹಿಡಿದರು. ಹೇಳಿದೆ. ಎಲ್ಲರೂ ನಕ್ಕರು, ಒಬ್ಬಿಬ್ಬರು ಚಹಾ ಮುಗಿಸಿ ಏಳಲು ನೋಡಿದರು.

“ಇನ್ನೂ ಐತಿ,” ಎಂದೆ. “ಕೂಡ್ರಿ.”