ತಿರುಗಿ ನೋಡದ ಬೆಂಕಿ

ನನ್ನ ಸೋದರಮಾವನಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಆ ಜಾಗದಲ್ಲಿ ನುಣುಪಾದ ಕೆಂಪು ಚರ್ಮ. ಕಾಡಿನ ಬೆಂಕಿ ಬಡಿಯಲು ಹೋಗಿ ಸುಟ್ಟುಕೊಂಡದ್ದು. ಕೇಳಿದರೆ, "ಒಂದ್ ಹುಬ್ಬು ಕೊಟ್ಬುಟ್ಟೆ ಕಣ್ಲಾ ಅಳಿಯ, ಗುಡ್ಡ ಉಳೀತು" ಎಂದು ನಗುತ್ತಿದ್ದ.

ನಾಗಮಂಗಲದ ಕಡೆಯ ನಮ್ಮೂರ ಗುಡ್ಡಕ್ಕೆ ಅವನು ಅರಣ್ಯ ಇಲಾಖೆಯ ವಾಚರ್. ದಿನಗೂಲಿಯವನಾದರೂ ಗತ್ತೆಲ್ಲ ರೇಂಜರದ್ದೇ. ಹುಲ್ಲು ಒಣಗಿತೆಂದರೆ ಮನೆಮನೆಯ ಮುಂದೆ ನಿಂತು ಕೂಗುತ್ತಿದ್ದ: "ಬೆಂಕಿ ಇಕ್ಕೋದೊಂದೇ ತಪ್ಪಲ್ಲ. ಇಕ್ಕಿದ್ ಬೆಂಕಿ ಆರೋಗಂಟ ನಿಂತ್ಕಳ್ದೆ ಬಂದ್ರೂ ಕೇಸೇ. ಜೈಲೂ ಆಯ್ತದೆ, ದಂಡಾನೂ ಆಯ್ತದೆ. ಆಮೇಕೆ ನನ್ ಕಾಲ್ ಇಡ್ಕಬ್ಯಾಡಿ!"

ಬರೀ ಬಾಯಿಮಾತಲ್ಲ. ಒಮ್ಮೆ ನಮ್ಮಪ್ಪ ಗುಡ್ಡದ ಬುಡದ ಹೊಲದಲ್ಲಿ ಬದುವಿನ ಹುಲ್ಲಿಗೆ ಬೆಂಕಿಯಿಟ್ಟು ಮುದ್ದೆ ಉಣ್ಣಲು ಮನೆಗೆ ಬಂದ. ಬೆಂಕಿ ಬದು ದಾಟಿ ಕಾಡಿಗೆ ಹತ್ತಿತು. ಆರಿಸಿದವನೂ ಮಾವ, ಕೇಸು ಹಾಕಿಸಿದವನೂ ಮಾವ. ಸ್ವಂತ ಭಾವನ ಮೇಲೆ, ಏನಂತೀರಿ! ಅಪ್ಪ ಕೋರ್ಟಿಗೆ ಅಲೆದು ದಂಡ ಕಟ್ಟಿದ. ಅವ್ವ ತಮ್ಮನ ಜೊತೆ ಮಾತು ಬಿಟ್ಟಳು. ನನಗೂ ಮೈಯೆಲ್ಲ ಉರಿದಿತ್ತು. ಮಾವನ ಹೆಂಡತಿ, ನಮ್ಮತ್ತೆ, ಒಬ್ಬಳೇ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದಳು. "ನಿಮ್ ತಮ್ಮನ್ನ ಬೈಕಳಕ್ಕ, ನಾನೂ ಸೇರ್ಕತೀನಿ. ಮನೆಗ್ ಬರೋದ್ ಮಾತ್ರ ಬುಡಬ್ಯಾಡ" ಎನ್ನುತ್ತಿದ್ದಳು. ಎರಡು ಮನೆ ಮತ್ತೆ ಒಂದಾದದ್ದು ಅವಳಿಂದಲೇ.

ಹೋದ ವರ್ಷದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಮಕ್ಕಳಿಲ್ಲದ ಮನೆ. ನಮ್ಮಲ್ಲಿ ಸತ್ತವರ ಚಾಪೆ, ದಿಂಬು, ಬಟ್ಟೆಯನ್ನು ಊರಾಚೆ ಒಯ್ದು ಸುಡುತ್ತಾರೆ. ಬೆಂಕಿ ಕೊಟ್ಟವನು ಹಿಂದಕ್ಕೆ ತಿರುಗಿ ನೋಡದೆ ಬರಬೇಕು. ನೋಡಿದರೆ ಹೋದ ಜೀವಕ್ಕೆ ಬಿಡುಗಡೆಯಿಲ್ಲವಂತೆ. ಮಾವ ಗುಡ್ಡದ ಬುಡದಲ್ಲಿ ಕಸ ಕೆರೆದು, ನೆಲ ಬರಿದುಮಾಡಿ, ಅತ್ತೆಯ ಚಾಪೆಗೆ ಬೆಂಕಿಯಿಟ್ಟ. ಹೊರಡಲು ಕಾಲು ಬರಲಿಲ್ಲ.

"ನಡೀಲಾ, ಅವ್ಳನ್ನ ಕಟ್ಟಾಕ್ಬ್ಯಾಡ" ಎಂದ ಅಪ್ಪ.

ಮಾವ ನಡೆದ. ಜೀವಮಾನದಲ್ಲಿ ಅವನು ಬೆನ್ನು ತೋರಿಸಿದ ಬೆಂಕಿ ಅದೊಂದೇ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಗುಡ್ಡದಲ್ಲಿ ಹೊಗೆ. ದಿಂಬಿನ ಹತ್ತಿ ಉರಿಯುತ್ತಲೇ ಗಾಳಿಗೆ ಹಾರಿತ್ತು. ಊರಿಗೆ ಊರೇ ಹಸಿ ಸೊಪ್ಪು ಹಿಡಿದು ಬಡಿದರೂ ಅರ್ಧ ಗುಡ್ಡ ಕಪ್ಪಾಯಿತು.

ಮರುದಿನ ಮಾವ ನನ್ನ ಬೈಕು ಹತ್ತಿ ರೇಂಜ್ ಆಫೀಸಿಗೆ ಹೋದ. ಸಾಹೇಬರಿಗೇ ಸಂಕಟವಾಯಿತು. "ಹಚ್ಚಿದ್ದು ಯಾರೋ ಗೊತ್ತಿಲ್ಲ ಅಂತ ಬರೀತೀನಿ. ಮನೆಗೆ ಹೋಗಪ್ಪ" ಎಂದರು.

"ನಮ್ ಭಾವನ್ ಮ್ಯಾಲೇ ಕೇಸಾಕ್ಸಿವ್ನಿ ಸಾ. ಇಕ್ಕಿದೋನೂ ನಾನೇ, ಬುಟ್ಟು ಬಂದೋನೂ ನಾನೇ. ಬರ್ಕಳಿ."

"ಸುಮ್ಕಿರು ಮಾವ" ಎಂದು ತೋಳು ಹಿಡಿದೆ. ಕೊಡವಿಕೊಂಡ.

ಕೆಲಸ ಹೋಯಿತು. ಕೋರ್ಟಿಗೆ ಪ್ರತಿ ಸಲ ಅವನ ಪಕ್ಕದಲ್ಲಿ ಕೂತವನು ನಮ್ಮಪ್ಪ. ಬಿದ್ದ ದಂಡವನ್ನು ಮಾವ ಕಟ್ಟಿದ. "ಅವ್ಳ ಚಾಪೇಲಿ ಗುಡ್ಡ ಸುಟ್ಬುಟ್ನಲ್ಲೋ ಅಳಿಯ" ಎಂಬುದೊಂದೇ ಕೊರಗು. ಉಣ್ಣುವುದು ಕಡಿಮೆಯಾಯಿತು. ಹಾಸಿಗೆ ಹಿಡಿದ. ಈ ವರ್ಷ ಗುಡ್ಡದ ಹುಲ್ಲು ಒಣಗುವ ಹೊತ್ತಿಗೆ ಹೋಗಿಯೇಬಿಟ್ಟ, ಅಯ್ಯೋ. ಕೊನೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ನನ್ ಚಾಪೆ ಸುಡಬ್ಯಾಡ ಕಣ್ಲಾ. ಊತ್ಬುಡು."

ಪದ್ಧತಿಯಲ್ಲವೆಂದು ಹಿರಿಯರು ಗೊಣಗಿದರು. ಅಪ್ಪ ಗುದ್ದಲಿ ಹೆಗಲಿಗೇರಿಸಿದ ಮೇಲೆ ಬಾಯಿ ಮುಚ್ಚಿದರು. ಗುಡ್ಡದ ಬುಡದಲ್ಲಿ ಅಪ್ಪ ಅಗೆದ. ನಾನು ಚಾಪೆ, ದಿಂಬು, ಖಾಕಿ ಅಂಗಿ ಇಟ್ಟು ಮಣ್ಣೆಳೆದೆ.

"ತಿರುಗ್ ನೋಡ್ದಂಗ್ ಬನ್ರಪ್ಪ" ಎಂದು ಯಾರೋ ಕೂಗಿದರು.

ನಾಲ್ಕು ಹೆಜ್ಜೆ ನಡೆದು ಮೊದಲು ನಿಂತವನು ಅಪ್ಪ. ಇಬ್ಬರೂ ತಿರುಗಿ ನೋಡಿದೆವು. ಆರಬೇಕಾದ ಬೆಂಕಿಯೇನೂ ಅಲ್ಲಿರಲಿಲ್ಲ. ಆದರೂ ಹೊತ್ತು ಮುಳುಗುವ ತನಕ ನಿಂತೇ ಇದ್ದೆವು.