ಹೊಟ್ಟು ತುಂಬಿದ ಗೋಡೆ

ಗೋಡೆ ಬಿದ್ದಾಗ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದವನು ನಾನೇ ಎಂದು ಬಹಳ ವರ್ಷ ನಂಬಿದ್ದೆ. ಎಡತೋಳಿನ ಮೇಲೆ ಅದರ ತಲೆಯ ಭಾರ, ನೆತ್ತಿಯ ಎಣ್ಣೆಯ ವಾಸನೆ ಎಲ್ಲ ನೆನಪಿದೆ. ಆದರೆ ನನ್ನ ತಂಗಿಯ ಪ್ರಕಾರ ಮಗು ಅವಳ ಮಡಿಲಲ್ಲಿತ್ತು. ನಾನು ಆಗಲೇ ಅಂಗಳದಲ್ಲಿ ನಿಂತಿದ್ದೆ. ಅವ್ವ ಬದುಕಿದ್ದಾಗ ಹೇಳುತ್ತಿದ್ದ ಕಥೆ ಇವೆರಡೂ ಅಲ್ಲ, ಮಗುವನ್ನು ಎತ್ತಿದವಳು ತಾನು ಎಂದು. ಒಂದೇ ಕೋಣೆ, ಒಂದೇ ಮಧ್ಯಾಹ್ನ, ನಾವು ಮೂವರೂ ಅಲ್ಲಿದ್ದೆವು. ಮಗುವಿಗೆ ತಿಂಗಳು ತುಂಬಲು ಇನ್ನೆರಡು ದಿನ ಇತ್ತು ಎಂಬುದೊಂದನ್ನು ಮೂವರೂ ಒಪ್ಪುತ್ತಿದ್ದೆವು. ಇನ್ನು ಯಾವುದು ಕಂಡದ್ದು, ಯಾವುದು ಆಮೇಲೆ ಸೇರಿಕೊಂಡದ್ದು ಎಂದು ಬೇರೆ ಮಾಡಲು ನನ್ನಿಂದಾಗಿಲ್ಲ. ಹೆದರಿಕೆಯ ಬಗ್ಗೆ ಮಾತ್ರ ಅನುಮಾನವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಕೆಲಸವಿಲ್ಲದೆ ಗಂಗಾವತಿ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೆ. ತಂಗಿಯನ್ನು ಕುಷ್ಟಗಿ ಕಡೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ನಮ್ಮ ಹಿಂದಿನ ಕೋಣೆಯ ಗೋಡೆಯನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಅವರ ಕಡೆ ಅಷ್ಟು ಹಸಿಯಾದ ಗೋಡೆ ನೋಡಲು ಸಿಗುವುದಿಲ್ಲ. ನಮ್ಮಲ್ಲಿ ಕಾಲುವೆ ಬಂದ ಮೇಲೆ ಹಿತ್ತಲಿನಾಚೆಯ ಜೋಳದ ಹೊಲ ಭತ್ತದ ಗದ್ದೆಯಾಗಿತ್ತು. ವರ್ಷದ ಬಹುಪಾಲು ಅಲ್ಲಿ ನೀರು ನಿಂತಿರುತ್ತಿತ್ತು. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ ಆ ನೀರನ್ನು ಬುಡದಿಂದ ಹೀರಿ ಮೊಣಕಾಲೆತ್ತರದವರೆಗೆ ಕಪ್ಪಾಗಿತ್ತು. ಅದರ ಮೇಲೆ ಸುಣ್ಣ ಉದುರಿ ಬಿಳಿಯ ಉಪ್ಪು ಹೂವಿನಂತೆ ಎದ್ದಿತ್ತು. ಹೊರಮೈ ಕೆಡಬಾರದೆಂದು ಹಿಂದಿನ ವರ್ಷವೇ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿಸಿದ್ದೆವು.

"ಈ ಕ್ವಾಣ್ಯಾಗ ಬಾಣಂತಿ ಹ್ಯಾಂಗ ಮಲಗಬೇಕೋ? ಕೂಸಿಗೆ ಥಂಡಿ ಹತ್ತಿದ್ರ ಏನ್ ಗತಿ?" ಎಂದು ಅವ್ವ ದಿನಕ್ಕೆ ಹತ್ತು ಸಲ ಹೇಳಿದಳು.

ನನಗೆ ಉತ್ತರ ಗೊತ್ತಿತ್ತು. ಗ್ರಂಥಾಲಯದಲ್ಲಿ ಚಳಿದೇಶಗಳ ಮನೆಗಳ ಬಗ್ಗೆ ಒಂದು ಪುಸ್ತಕ ಓದಿದ್ದೆ. ಅಲ್ಲಿನವರು ಗೋಡೆಯ ಟೊಳ್ಳಿನಲ್ಲಿ ಬಿಸಿ ಹಿಡಿದಿಡುವ ವಸ್ತು ತುಂಬುತ್ತಾರೆ. ಅದರ ಬೆಚ್ಚಗಿನ ಮಗ್ಗುಲಿಗೆ ಹಬೆ ದಾಟದಂಥ ಹಾಳೆ ಹೊದಿಸುತ್ತಾರೆ. ಉಸಿರಿನ, ಸ್ನಾನದ, ಅಡುಗೆಯ ಹಬೆ ಗೋಡೆಯೊಳಗೆ ಹೋಗಿ ತಣ್ಣಗಾಗಿ ನೀರಾಗಬಾರದು, ಅದಕ್ಕೆ. ಬಾಣಂತಿ ಕೋಣೆಯಲ್ಲಿ ಹಗಲೆಲ್ಲ ಕೆಂಡದ ಅಗ್ಗಿಷ್ಟಿಕೆ, ದಿನವೂ ಹಂಡೆಗಟ್ಟಲೆ ಬಿಸಿನೀರು, ಮುಚ್ಚಿದ ಕಿಟಕಿ. ಪುಸ್ತಕದ ಚಿತ್ರಕ್ಕೂ ನಮ್ಮ ಕೋಣೆಗೂ ಏನೂ ವ್ಯತ್ಯಾಸ ಕಾಣಲಿಲ್ಲ.

ಗೋಡೆಯ ಒಳಮೈಗೆ ಗೇಣಗಲ ಬಿಟ್ಟು ಬಿದಿರಿನ ದಬ್ಬೆಗಳನ್ನು ನಿಲ್ಲಿಸಿದೆ. ಗೊಬ್ಬರದ ಚೀಲಗಳೊಳಗಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ತೊಳೆದು, ಒಂದಕ್ಕೊಂದು ಹೊಲಿದು, ದಬ್ಬೆಗಳಿಗೆ ಬಿಗಿದೆ. ನಡುವಿನ ಸಂದಿಗೆ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟನ್ನು ಮೇಲಿನಿಂದ ಸುರಿದು ಗಿಡಿದು ತುಂಬಿದೆ. ಎರಡು ದಿನದ ಕೆಲಸ. ಓಣಿಯ ಕೊನೆಯ ಮನೆಯ, ಗೋಡೆ ಕಟ್ಟುವ ಮುದುಕ ಗೌಂಡಿ, ನಾವೆಲ್ಲ ಚಾಚಾ ಎನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ನೋಡಿದರು.

"ಏನ್ ನಡಸೀರಿ ಎಮ್ಮೆಸ್ಸಿ ಸಾಹೇಬ್ರ? ಗ್ವಾಡಿಗೆ ಕುಪ್ಪಸ ಹೊಲ್ಯಾಕ ಹತ್ತೀರೇನು?"

"ಹಸಿ ತಡ್ಯಾಕ, ಚಾಚಾ. ನೆಲದಾಗ ಹಗೇವು ತೋಡಿ ಕಾಳು ತುಂಬುಮುಂದ ಸುತ್ತ ಹುಲ್ಲು ಕಟ್ಟತಿದ್ದಿಲ್ಲೇನು ನೀವು? ಹಂಗ ಇದು."

"ಹಗೇವಿನ್ಯಾಗ ಯಾರೂ ಜಳಕ ಮಾಡಂಗಿಲ್ಲಪಾ. ಮತ್ತ ಈಗ ನಮ್ಮೂರಾಗ ಹಗೇವು ಎಲ್ಲಿ ಅದಾವು? ನೀರು ಬಂದು ಎಲ್ಲಾ ಮುಚ್ಚಿದ್ವಿ. ಕೆಳಗಿಂದ ಬರೂ ನೀರಿಗೆ ನಿನ್ನ ಹಾಳಿ ಏನ್ ಮಾಡತೈತಿ?"

"ಹಾಳಿ ದಾಟಿ ಒಳಗ ಬರಂಗಿಲ್ಲ."

"ಬರಂಗಿಲ್ಲ, ಖರೆ. ಮತ್ತ ಎಲ್ಲಿಗೆ ಹೋಗತೈತಿ?"

ನಾನು ನಕ್ಕೆ. ಏನೋ ಉತ್ತರವನ್ನೂ ಕೊಟ್ಟೆ. ಏನೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಮಗು ಹುಟ್ಟಿತು, ಹೆಣ್ಣು. ಮೊದಲ ಎರಡು ವಾರ ಕೋಣೆ ನಿಜಕ್ಕೂ ಬೆಚ್ಚಗಿತ್ತು. ಅವ್ವ ಹಾಳೆಯ ಮೇಲೆ ಅಂಗೈಯಿಟ್ಟು, "ಒಣಗ್ಯದ ನೋಡವ್ವಾ" ಎಂದು ಬಂದವರಿಗೆಲ್ಲ ತೋರಿಸಿದಳು. ಆಮೇಲೆ ವಾಸನೆ ಶುರುವಾಯಿತು. ಕೊಳೆತ ಬಣವೆಯ ಬುಡದ ವಾಸನೆ. ಲೋಬಾನದ ಹೊಗೆ ಹಾಕಿದರೂ ಅದು ಹೋಗಲಿಲ್ಲ. ಹಾಳೆ ನಡುವೆ ಉಬ್ಬಿ ಮುಂದಕ್ಕೆ ಬಂತು. ಅದರ ಒಳಮಗ್ಗುಲಲ್ಲಿ ನೀರಿನ ಹನಿಗಳು ಒಂದಕ್ಕೊಂದು ಕೂಡಿ ಕೆಳಗೆ ಜಾರುವುದು ಕಾಣುತ್ತಿತ್ತು.

ಸದ್ದನ್ನು ಮೊದಲು ಕೇಳಿದ್ದು ತಂಗಿ.

"ಅಣ್ಣಾ, ಗ್ವಾಡ್ಯಾಗ ಏನೋ ಹರದಾಡತೈತೋ."

ಹಾಳೆಗೆ ಕಿವಿಯಿಟ್ಟೆ. ಸರ್ ಎಂದು ಏನೋ ಜರಿಯಿತು. ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಮೆತ್ತಗೆ ಧಪ್ ಎಂದಿತು. ಹೊಟ್ಟಿನ ಬಿಸಿಗೆ ಗದ್ದೆಯಿಂದ ಹಾವು ಬಂದು ಸೇರಿದೆ ಎಂದು ಅವ್ವನಿಗೆ ಆ ಕ್ಷಣವೇ ಖಾತ್ರಿಯಾಯಿತು. ಬಾಣಂತಿಯ ಮಂಚ ಗೋಡೆಗೆ ಒತ್ತಿಕೊಂಡಿತ್ತು. ಸೂರಿನ ಜಂತಿಗೆ ಕಟ್ಟಿದ ತೊಟ್ಟಿಲು ತೂಗಿದರೆ ಹಾಳೆಯನ್ನು ಸವರುತ್ತಿತ್ತು.

"ಇಬ್ಬರನ್ನೂ ಪಡಸಾಲಿಗೆ ತಂದಬಿಡೂಣು" ಎಂದಳು ಅವ್ವ.

"ಹಾವೂ ಇಲ್ಲ, ಏನೂ ಇಲ್ಲ. ಹೊಟ್ಟು ಕುಂದ್ರಾಕ ಹತ್ತೈತಿ, ಅಷ್ಟ. ಪಡಸಾಲ್ಯಾಗ ಗಾಳಿ ಹೊಡಿತೈತಿ" ಎಂದೆ.

ಇದನ್ನು ಹೇಳಿದವನು ನಾನೇ ಎಂಬುದರಲ್ಲಿ ಸಂಶಯವಿಲ್ಲ. ಮನಸ್ಸಿನಲ್ಲಿ ನಾನೂ ಹಾವೆಂದೇ ನಂಬಿದ್ದೆ. ಹಗಲಿನಲ್ಲಿ ಏನಾದರೊಂದು ನೆವ ಮಾಡಿ ನಾಲ್ಕಾರು ಸಲ ಆ ಕೋಣೆಗೆ ಹೋಗುತ್ತಿದ್ದೆ. ತೊಟ್ಟಿಲೊಳಗೆ ಇಣುಕಿ, ಮಗುವಿನ ಎದೆ ಏರಿಳಿಯುವುದನ್ನು ನೋಡಿ ಬರುತ್ತಿದ್ದೆ. ಹಾಳೆ ಕೊಯ್ದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಕೊಯ್ದಾಗ ಹಾವು ಮಂಚದ ಮೇಲೆ ಬಿದ್ದರೆ? ಹಾವಿಲ್ಲದೆ ಬೇರೇನಾದರೂ ಕಂಡರೆ? ಎರಡನೆಯದು ನನ್ನನ್ನು ಹೆಚ್ಚು ಹೆದರಿಸುತ್ತಿತ್ತು ಎಂದು ಈಗ ಅನಿಸುತ್ತದೆ. ನನ್ನ ಹಟಕ್ಕೆ ತಾಯಿ ಮಗು ಮೂರು ದಿನ ಅಲ್ಲೇ ಮಲಗಿದರು.

ಮೂರನೆಯ ದಿನ ಊಟವಾದ ಮೇಲೆ ಅವ್ವ ನನ್ನನ್ನು ಕೇಳದೆ ಹೋಗಿ ಚಾಚಾನನ್ನು ಕರೆತಂದಳು. ಅವರ ಕೈಯಲ್ಲಿ ಹಾವು ಹೊಡೆಯಲು ಒಂದು ದೊಣ್ಣೆ, ಒಂದು ಉದ್ದನೆಯ ಕಬ್ಬಿಣದ ಸಲಾಕೆ ಇತ್ತು. ನನ್ನ ಹಟಕ್ಕೆ ತಂಗಿ ಇನ್ನೂ ಮಲಗಿಯೇ ಇದ್ದ ಮಂಚವನ್ನು ಸ್ವಲ್ಪ ಸರಿಸಿ, ಹಾಳೆಯ ಬುಡವನ್ನು ಕುಡಗೋಲಿನಿಂದ ಸೀಳಿದರು. ಕಪ್ಪಗೆ ಕೊಳೆತ ಹೊಟ್ಟು ಬಳಕ್ಕನೆ ಅವರ ಕಾಲ ಮೇಲೆ ಬಿತ್ತು. ಅದರಿಂದ ಬಿಸಿ ಹಬೆ ಎದ್ದಿತು. ಹಾವು ಇರಲಿಲ್ಲ. ಹೊಟ್ಟಿನ ಹಿಂದೆ ಗೋಡೆಯೂ ಗೋಡೆಯಂತಿರಲಿಲ್ಲ. ಮಣ್ಣು ಕಲಸಿಟ್ಟ ಹಿಟ್ಟಿನ ಹಾಗೆ ಹೊಳೆಯುತ್ತಿತ್ತು. ಹೊರಗೆ ಸಿಮೆಂಟು, ಒಳಗೆ ನನ್ನ ಹಾಳೆ; ಬುಡದಿಂದ ಏರಿದ ನೀರಿಗೆ ಹೋಗಲು ದಾರಿಯಿರಲಿಲ್ಲ. ಚಾಚಾ ಸಲಾಕೆಯ ತುದಿಯನ್ನು ಅದಕ್ಕೊತ್ತಿದರು. ಅದು ತಡೆಯಿಲ್ಲದೆ ಅವರ ಮುಷ್ಟಿಯವರೆಗೆ ಒಳಗೆ ಹೋಯಿತು.

ಅವರು ಅದನ್ನು ಹಿಂದಕ್ಕೆಳೆಯಲಿಲ್ಲ. ಅಲ್ಲಿಯೇ ಬಿಟ್ಟು, ತಿರುಗಿ, ಅವ್ವನಿಗೆ ಬಹಳ ಸಣ್ಣ ದನಿಯಲ್ಲಿ ಹೇಳಿದರು:

"ಅಕ್ಕಾರ, ಕೂಸು ತಗೊಂಡು ಹೊರಗ ನಡೀರಿ. ಹಾಸಿಗಿ ಬಿಡ್ರಿ. ಬಿಡ್ರಿ ಅಂದೆ!"

ಇಲ್ಲಿಂದ ಮುಂದೆ ನನ್ನ ನೆನಪು ಕೆಲಸಕ್ಕೆ ಬಾರದು. ಹೊಟ್ಟೆಗೆ ಬಟ್ಟೆ ಬಿಗಿದಿದ್ದ ತಂಗಿ ಬೇಗ ಏಳಲಾರದೆ ನನ್ನ ಅಂಗಿ ಹಿಡಿದದ್ದು ನಿಜವಿರಬೇಕು, ಏಕೆಂದರೆ ಆ ಅಂಗಿ ಹರಿದಿತ್ತು. ತೊಟ್ಟಿಲು ಖಾಲಿಯಾಗಿ ತೂಗುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ, ಆದರೆ ಅದನ್ನು ಖಾಲಿ ಮಾಡಿದವರು ಯಾರು? ಅಂಗಳದಲ್ಲಿ ನಿಂತು ತೆರೆದ ಬಾಗಿಲಿನ ಮೂಲಕ ನೋಡಿದಾಗ ಗೋಡೆ ಸಿಡಿಯಲಿಲ್ಲ, ವಾಲಲಿಲ್ಲ. ನಡು ಮುರಿದವರಂತೆ ಇದ್ದಲ್ಲೇ ಕುಕ್ಕರಿಸಿತು. ಒಳಗಿನ ಮಣ್ಣೆಲ್ಲ ಕುಸಿದ ಮೇಲೂ ಹೊರಗಿನ ಸಿಮೆಂಟು ಒಂದು ಗಳಿಗೆ ತೆಳ್ಳಗೆ ನಿಂತಿದ್ದು, ಬಿರುಕಿನಿಂದ ಗದ್ದೆಯ ಹಸಿರು ಕಂಡು, ಆಮೇಲೆ ಬಿತ್ತು. ಮಾಳಿಗೆಯ ಸೂರನ್ನು ಕೋಣೆಯ ಮರದ ಕಂಬಗಳು ಹಿಡಿದವು. ಒಂದು ಜಂತಿ ಮಾತ್ರ ಗೋಡೆಯ ಕಡೆಯ ತುದಿ ಕಳಚಿ ಮಂಚದ ಮೇಲೆ, ದಿಂಬಿನ ನಡುವಿಗೆ ಸರಿಯಾಗಿ ಬಂದು ಕೂತಿತು.

ಯಾರಿಗೂ ಏನೂ ಆಗಲಿಲ್ಲ. ಚಾಚಾ ಕಟ್ಟೆಯ ಮೇಲೆ ಕೂತು ನೀರು ಕೇಳಿದರು.

"ಹಾವಿಲ್ಲಂತ ಅಂದಿದ್ದೆಲ್ಲಪಾ, ಖರೇನ ಆತು ನೋಡು" ಎಂದರು. ನಗಲು ನೋಡಿದರು. ಯಾರೂ ನಗಲಿಲ್ಲ.

ಮರುದಿನ ಕುಷ್ಟಗಿಯಿಂದ ತಂಗಿಯ ಅತ್ತೆ ಬಂದರು. ಬಿದ್ದ ಗೋಡೆಯನ್ನೂ ಜಂತಿ ಕೂತ ಮಂಚವನ್ನೂ ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡು, "ಹ್ಯಾಂಗ ಬಿತ್ತವ್ವಾ ಇದು?" ಎಂದರು. ಅವ್ವ ನನ್ನ ಮುಖ ನೋಡದೆ, "ಮಳಿಗಿ ಬಿತ್ರಿ. ಗಪ್ಪನ ಬಂತು, ಭಾಳ ಹೊಡೀತು" ಎಂದಳು. ಆಮೇಲೆ ಕೇಳಿದವರಿಗೆಲ್ಲ ನಾನೇ ಅದನ್ನು ಹೇಳತೊಡಗಿದೆ. ಹೇಳುತ್ತ ಹೇಳುತ್ತ ಮಳೆ ನನಗೆ ಕೇಳಿಸಲೂ ಶುರುವಾಯಿತು. ಚಾಚಾನ ಒದ್ದೆ ಟೊಪ್ಪಿಗೆ ಕಂಡಿತು. ಹತ್ತು ಹನ್ನೆರಡು ವರ್ಷದ ಹೊತ್ತಿಗೆ, ಪ್ರಮಾಣ ಮಾಡು ಎಂದಿದ್ದರೂ ಮಾಡುತ್ತಿದ್ದೆನೇನೋ.

ಆ ಮಗು ದೊಡ್ಡವಳಾಗಿ ಒಮ್ಮೆ ಕೆಲಸ ಸಿಕ್ಕಿ ನಾನು ಯಲಬುರ್ಗಾದಲ್ಲಿ ಮಾಡಿಕೊಂಡಿದ್ದ ಮನೆಗೆ ಬಂದಾಗ, "ಮಾಮಾ, ನಾ ತೊಟ್ಟಲಾಗಿದ್ದಾಗ ಮಳಿಗಿ ಗ್ವಾಡಿ ಬಿದ್ದು, ನೀವ ನನ್ನ ಉಳಿಸಿದ್ರಂತ?" ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಅವಳು ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅವಳ ಹುಟ್ಟಿದ ದಿನಾಂಕಕ್ಕೆ ಇಪ್ಪತ್ತೆಂಟು ದಿನ ಕೂಡಿಸಿ ಗೋಡೆ ಬಿದ್ದ ದಿನವನ್ನು ತೆಗೆದೆ. ಗಂಗಾವತಿಯ ತಾಲೂಕು ಕಚೇರಿಯಲ್ಲಿ ಪರಿಚಯದ ಗುಮಾಸ್ತರನ್ನು ಹಿಡಿದು, ಆ ವರ್ಷದ ಮಳೆ ದಾಖಲೆಯ ಪುಸ್ತಕ ತೆಗೆಸಿ ನೋಡಿದೆ. ಗೋಡೆ ಬಿದ್ದ ದಿನವೂ, ಅದಕ್ಕೆ ಹಿಂದಿನ ಮೂರು ವಾರವೂ ನಮ್ಮ ಹೋಬಳಿಯಲ್ಲಿ ಒಂದು ಹನಿ ಮಳೆಯಾಗಿರಲಿಲ್ಲ.