ಕೆಂಪಕ್ಕನ ಜಗಲಿಗೆ ದೀಪ

ಜರಗನಹಳ್ಳಿಯ ಕೆಂಪಕ್ಕನಿಗೆ ಬಾಯಿ ಜೋರು, ಕೈಯೂ ಧಾರಾಳ. ಗಂಡ ತೀರಿಕೊಂಡ ಮೇಲೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದಳು. ಬಾಡಿಗೆದಾರರನ್ನು ಬೈಯುವವಳೂ ಅವಳೇ, ಹಬ್ಬಕ್ಕೆ ಊಟಕ್ಕೆ ಕರೆಯುವವಳೂ ಅವಳೇ. ಸ್ವಂತ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸುವಾಗ ಮಗ ಸಿದ್ದರಾಜು ಹೇಳಿದ್ದಕ್ಕೆಲ್ಲ ಹೂಂ ಅಂದಳು. ಹಳೆಯ ಕಲ್ಲುಚಪ್ಪಡಿಯ ಜಗಲಿಯೊಂದನ್ನು ಮಾತ್ರ ಮುಟ್ಟಗೊಡಲಿಲ್ಲ. ಗಾಜಿನ ರೇಲಿಂಗ್ ಮನೆಗೆ ಇದೆಂಥ ಜಗಲಿ ಎಂದು ನೋಡಿದವರು ನಗುತ್ತಿದ್ದರು. ನಗಲಿ ಬಿಡಿ, ಕೂರಬೇಕಾದವರು ಅವರೇನಲ್ಲವಲ್ಲ.

ಕೂರುತ್ತಿದ್ದವಳು ಸುಧಾಮಣಿ. ಹಿತ್ತಲಿನ ಒಂದು ಕೋಣೆಯ ಮನೆಯ ಬಾಡಿಗೆದಾರಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೇಸಿಗೆಯಲ್ಲಿ ಅವಳ ತಾಯಿ ಹೋಗಿಬಿಟ್ಟಿದ್ದರು. ಸಂಜೆ ಬಂದು ಜಗಲಿಯ ಮೂಲೆಯಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕೆಂಪಕ್ಕ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತ ಇರುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಅಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಹೆಣ್ಣುಮಕ್ಕಳಿಲ್ಲದ ಅವಳು ಇಡೀ ದಿನ ಆ ಹೊತ್ತಿಗಾಗಿ ಕಾಯುತ್ತಿದ್ದಳು.

ದಸರೆಗೆ ಮುಂಚೆ ಸಿದ್ದರಾಜು ಮನೆಯ ಮುಂಭಾಗಕ್ಕೆ ಲೈಟಿಂಗ್ ಮಾಡಿಸಲು ಹೊರಟ. ಜೆ.ಪಿ. ನಗರದ ಅಂಗಡಿಯವರು ಬಂದು ಅಳತೆ ತೆಗೆದುಕೊಂಡರು. ತೆಂಗಿನ ಮರದ ಬುಡದಿಂದ ಗರಿಯವರೆಗೆ ಬೆಳಕು ಹಾಯುವ ಹಾಗೆ ಒಂದು, ಗೇಟಿನ ಕಂಬಗಳ ಮೇಲೆ, ಮೆಟ್ಟಿಲಿನ ಅಂಚಿಗೆ ಸಣ್ಣವು. ಬಣ್ಣ ಬದಲಾಯಿಸುವ ದೀಪ ಬೇಕೆಂದು ಸಿದ್ದರಾಜು ಅಂದರೆ, ಇದೇನು ಡಾಬಾನಾ ಎಂದು ಕೆಂಪಕ್ಕ ಗದರಿದಳು. ಅಂಗಡಿಯವರು ವಾರ್ಮ್ ವೈಟ್ ಎಂದು ತೋರಿಸಿದರು. ನೋಡಿದರೆ ಹಳೇ ಬಲ್ಬಿನ ಹಳದಿಯೇ! ಅದೇ ಇರಲಿ ಎಂದಾಯಿತು. ಜಗಲಿಯ ಮೇಲೂ ಒಂದು ಬೇಕೇ ಬೇಕು ಎಂದು ಪಟ್ಟು ಹಿಡಿದವಳು ಕೆಂಪಕ್ಕನೇ. ಪಾಪ ಆ ಹೆಣ್ಣುಮಗಳು ಕತ್ತಲಲ್ಲಿ ಕೂರುತ್ತದೆ, ಹುಳಹುಪ್ಪಟೆ ಇರುತ್ತದೆ ಎಂಬುದು ಅವಳ ಯೋಚನೆ.

ದೀಪ ಹತ್ತಿದ ಸಂಜೆಯಿಂದ ಸುಧಾಮಣಿ ಜಗಲಿಗೆ ಬರುವುದನ್ನು ನಿಲ್ಲಿಸಿದಳು. ಕೆಂಪಕ್ಕ ಕಾದಳು. ಚಿತ್ರಾನ್ನ ಕಳಿಸಿದರೆ ಡಬ್ಬಿ ತೊಳೆದು ವಾಪಸ್ ಬಂತು, ಅವಳು ಬರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಕೆಂಪಕ್ಕ ಗೊಣಗಿದಳು. ಗೊಣಗಿದ್ದೇನೋ ಸರಿ, ಸಂಜೆಯಾದರೆ ಕಣ್ಣು ಹಿತ್ತಲಿನ ಕಡೆಗೇ ಹೋಗುತ್ತಿತ್ತು. ಬಾಡಿಗೆದಾರರ ಬಾಗಿಲಿಗೆ ಹೋಗುವ ಪದ್ಧತಿಯೇ ಇಲ್ಲದವಳು ಕೊನೆಗೆ ತಾನೇ ಹೋದಳು. ಒಳಗೆ ಮಕ್ಕಳು ಓದುತ್ತಿದ್ದವು, ಗಂಡ ಟಿವಿ ನೋಡುತ್ತಿದ್ದ. ಸುಧಾಮಣಿ ನಲ್ಲಿಯ ಹತ್ತಿರ ಬಂದು ನಿಂತಳು. ಯಾಕೆ ಮುನಿಸು ಎಂದು ಕೆಂಪಕ್ಕ ಕೇಳಿದಳು.

"ಮುನಿಸೇನಿಲ್ಲ ಅಕ್ಕ. ದೀಪ ಹಚ್ಚಿದ ಕಡೆ ಕಣ್ಣೀರು ಹಾಕ್ಬಾರ್ದು, ಲಕ್ಷ್ಮಿ ನಿಲ್ಲಲ್ಲ ಅಂತ ನೀವೇ ಅಲ್ವಾ ಹೇಳಿದ್ದು?"

ಹೇಳಿದ್ದು ಹೌದು. ತಾಯಿ ತೀರಿದ ಹೊಸತರಲ್ಲಿ, ಮುಸ್ಸಂಜೆ ಬಾಡಿಗೆ ಕೊಡಲು ಬಂದು ದೇವರ ದೀಪದ ಮುಂದೆ ಅಳುತ್ತ ಕೂತಿದ್ದವಳನ್ನು ಗದರಿ, ಕೈ ಹಿಡಿದು ಜಗಲಿಗೆ ಕರೆತಂದಿದ್ದವಳು ಕೆಂಪಕ್ಕನೇ.

"ಮತ್ತೆ ಈಗ ಎಲ್ಲಿ ಅಳ್ತೀಯೇ?"

"ಬಸ್ಸಲ್ಲಿ ಅಕ್ಕ. ಕಿಟಕಿ ಸೀಟು ಸಿಕ್ರೆ."

ಕೆಂಪಕ್ಕ ಸೀದಾ ವಾಪಸ್ ಬಂದು ಜಗಲಿಯ ದೀಪ ಕೀಳಿಸು ಎಂದು ಮಗನಿಗೆ ಹೇಳಿದಳು. ಎಲ್ಲ ಬೆಳಗಿ ನಡುವೆ ಕಪ್ಪಗೆ ಕಂಡರೆ ಪ್ಲಾನೇ ಹಾಳು ಎಂದು ಅವನು ರೇಗಿದ. ಹಾಳಾಗಲಿ ಎಂದಳು. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ದೀಪ ಬಿಚ್ಚಿ, ವೈರಿನ ತುದಿಗೆ ಟೇಪು ಸುತ್ತಿ ಹೋದ.

ಅಂದು ಸಂಜೆ ತೆಂಗಿನ ಮರ ಝಗಮಗಿಸುತ್ತಿತ್ತು, ಗೇಟು ಹೊಳೆಯುತ್ತಿತ್ತು. ಜಗಲಿಯ ಮೇಲೆ ಕತ್ತಲು. ಸುಧಾಮಣಿ ಟಿಫಿನ್ ಬ್ಯಾಗಿನ ಸಮೇತ ಬಂದು ಮೂಲೆಯಲ್ಲಿ ಕೂತಳು. ಇಷ್ಟು ದಿನ ಪಕ್ಕದಲ್ಲೇ ಇದ್ದೂ ಕೇಳದಿದ್ದ ಮಾತನ್ನು ಕೆಂಪಕ್ಕ ಆಗ ಕೇಳಿದಳು.

"ನಿಮ್ಮವ್ವನ ಹೆಸ್ರೇನೇ?"

"ಮಂಗಮ್ಮ" ಅಂದಳು ಸುಧಾಮಣಿ.

ಆಮೇಲೆ ಇಬ್ಬರೂ ಅತ್ತರು.